ಹನ್ನೆರಡನೆಯ ಫ್ರೆಟ್ಟಿನ ಆಚೆ

ಗಿಟಾರ್ ಮಾಡುವ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಇದ್ದೆ ಎಂದರೆ ಜನ ಮೊದಲು ಕೇಳುವುದು, ‘ಹಾಗಾದರೆ ನೀವು ಚೆನ್ನಾಗಿ ನುಡಿಸುತ್ತೀರಿ ಅಲ್ಲವೇ?’ ಎಂದು. ನುಡಿಸುವುದಿಲ್ಲ. ಒಂದು ಹಾಡನ್ನೂ ಪೂರ್ತಿ ನುಡಿಸಲು ನನಗೆ ಬಾರದು. ಬೇರೆಯವರು ಮಾಡಿದ ಗಿಟಾರಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯಾದರೂ ಆ ಚಾಳಿ ಹೋಗಿಲ್ಲವೆಂದು ಹೆಂಡತಿ ದಿನಕ್ಕೆರಡು ಸಲ ನೆನಪಿಸುತ್ತಾಳೆ, ಸಾಮಾನ್ಯವಾಗಿ ಊಟದ ಹೊತ್ತಿಗೆ.

ತಂಗಿಯ ಮಗಳು ಶ್ವೇತಾ ಈಚೆಗೆ ಒಂದು ಕಂಪನಿಯ ತಪಾಸಣೆ ವಿಭಾಗಕ್ಕೆ ಸೇರಿದಳು. ‘ಮಾಮಾ, ನಿಮ್ಮ ಎಕ್ಸ್‌ಪೀರಿಯನ್ಸ್ ಬರೆದು ಕೊಡಿ ನಾ, ನಂಗೆ ಯೂಸ್ ಆಗ್ತದೆ’ ಎಂದಳು. ಕನ್ನಡ ಓದಲು ಅವಳು ತಡವರಿಸುತ್ತಾಳೆ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ, ನಿಧಾನವಾಗಿ ಓದಲಿ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಬೀಳ್ಕೊಡುಗೆಯಲ್ಲಿ ಯಾರು ಏನು ಹೊಗಳಿದರು ಎಂಬುದೆಲ್ಲ ಇಲ್ಲಿಲ್ಲ. ಅದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ನನ್ನ ಅಪ್ಪ ಕಾರ್ಕಳದ ಕಡೆಯಿಂದ ಬಂದು ಮುಂಬಯಿಯ ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ನಾನೂ ಅಲ್ಲೇ ಸೇರಿಕೊಂಡೆ. ತೊಳೆದ ಗಾಜಿನ ಲೋಟಗಳನ್ನು ಜೋಡಿಸುವಾಗ ಒಂದಕ್ಕೊಂದು ತಾಗುವ ಸದ್ದಿನಲ್ಲೇ ಬಿರುಕು ಬಿಟ್ಟ ಲೋಟ ಯಾವುದೆಂದು ನನಗೆ ತಿಳಿಯುತ್ತಿತ್ತು. ನೋಡದೆಯೇ ಅದನ್ನು ಬದಿಗಿಡುತ್ತಿದ್ದೆ. ಅಲ್ಲಿಗೆ ಚಹಾ ಕುಡಿಯಲು ಬರುತ್ತಿದ್ದ ಆಗ್ನೆಲ್ ಸರ್ ಅದನ್ನು ಗಮನಿಸಿದರು. ಪರೇಲಿನ ಹಳೆಯ ಮಿಲ್ಲೊಂದರ ಹಿಂಭಾಗದ ಶೆಡ್ಡಿನಲ್ಲಿ ಅವರು ಎಲೆಕ್ಟ್ರಿಕ್ ಗಿಟಾರುಗಳನ್ನು ಮಾಡಿಸುತ್ತಿದ್ದರು. ಗಿರಾಕಿ ಕೇಳಿದ ಮರ, ಕೇಳಿದ ಬಣ್ಣ, ಕೇಳಿದ ಆಕಾರ. ಒಂದರ ಹಾಗೆ ಇನ್ನೊಂದಿಲ್ಲ. ಅಂಗಡಿಯಲ್ಲಿ ಸಾಲಾಗಿ ನೇತುಹಾಕಿದ ಗಿಟಾರ್ ಬೇಡದವರು ಅವರಲ್ಲಿಗೆ ಬರುತ್ತಿದ್ದರು. ‘ಕಾನ್ ಅಚ್ಛಾ ಹೈ ತೇರಾ’, ನಿನ್ನ ಕಿವಿ ಚೆನ್ನಾಗಿದೆ ಎಂದು ನನ್ನನ್ನು ಕರೆದುಕೊಂಡು ಹೋದರು. ಅಪ್ಪ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಮುಂದಿನ ಸಂಗತಿ ಅರ್ಥವಾಗಲು ಇಷ್ಟು ಗೊತ್ತಿರಬೇಕು. ಗಿಟಾರಿಗೆ ಒಂದು ಮೈ, ಒಂದು ಉದ್ದನೆಯ ಕತ್ತು. ಕತ್ತನ್ನು ನಾವು ನೆಕ್ ಎನ್ನುತ್ತೇವೆ. ನೆಕ್ಕಿನ ಮೇಲೆ ಅಡ್ಡಡ್ಡವಾಗಿ ಕೂರಿಸಿದ ತೆಳು ಲೋಹದ ಪಟ್ಟಿಗಳು ಫ್ರೆಟ್‌ಗಳು. ತಂತಿಯನ್ನು ಯಾವ ಫ್ರೆಟ್ಟಿನ ಹಿಂದೆ ಒತ್ತುತ್ತೀರೋ ಆ ಸ್ವರ ಬರುತ್ತದೆ. ಫ್ರೆಟ್ ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ಕೆಡುತ್ತದೆ. ಆರು ತಂತಿ, ಇಪ್ಪತ್ತೆರಡು ಫ್ರೆಟ್. ಒಂದು ಗಿಟಾರಿಗೆ ನೂರ ಮೂವತ್ತೆರಡು ಸ್ವರ. ಮೊದಲ ವರ್ಷಗಳಲ್ಲಿ ನಾನು ಅಷ್ಟನ್ನೂ ಒಂದೊಂದಾಗಿ ಮೀಟಿ, ಮೇಲಿನ ಸ್ವರವನ್ನು ಕೆಳಗಿನ ಅದೇ ಸ್ವರದೊಂದಿಗೆ ಹೋಲಿಸಿ ಕೇಳುತ್ತಿದ್ದೆ. ಒಂದು ಗಿಟಾರಿಗೆ ಅರ್ಧ ದಿನ ಬೇಕಿತ್ತು. ಬಡಗಿಗಳಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟು ಮಳೆಗಾಲದಲ್ಲಾಯಿತು. ಜುಲೈ ತಿಂಗಳ ಮುಂಬಯಿಯಲ್ಲಿ ಮರ ನೀರು ಕುಡಿದು ಉಬ್ಬಿರುತ್ತದೆ. ಆ ಸ್ಥಿತಿಯಲ್ಲೇ ಫ್ರೆಟ್ಟಿನ ತುದಿಗಳನ್ನು ಉಜ್ಜಿ ನುಣುಪಾಗಿಸಿದ ಗಿಟಾರೊಂದನ್ನು ನಾನು ಸರಿಯಿದೆಯೆಂದು ಕಳಿಸಿಬಿಟ್ಟೆ. ಗಿರಾಕಿ ಅದನ್ನು ಹಗಲೂ ರಾತ್ರಿ ಎ.ಸಿ. ಓಡುವ ರೆಕಾರ್ಡಿಂಗ್ ಕೋಣೆಯಲ್ಲಿಟ್ಟ. ಮರ ಒಣಗಿ ಕುಗ್ಗಿತು, ಲೋಹ ಕುಗ್ಗಲಿಲ್ಲ. ಮೂರನೇ ವಾರಕ್ಕೆ ನೆಕ್ಕಿನ ಎರಡೂ ಅಂಚಿನಲ್ಲಿ ಮುಳ್ಳಿನ ಸಾಲು ಎದ್ದಿತ್ತು. ಆತ ಗೀರು ಬಿದ್ದ ಅಂಗೈಯನ್ನು ಹೊತ್ತು ಬಂದು ಶೆಡ್ಡು ನಡುಗುವ ಹಾಗೆ ಬೈದ. ಆಗ್ನೆಲ್ ಸರ್ ಅವನಿಗೆ ಕುರ್ಚಿ ಕೊಟ್ಟು, ಬೈದು ಮುಗಿಯುವವರೆಗೂ ಕೇಳಿ, ತಾವೇ ಕೂತು ತುದಿಗಳನ್ನು ಉಜ್ಜಿಕೊಟ್ಟರು. ಅದೇ ಮನುಷ್ಯ ಮುಂದೆ ನಮ್ಮಿಂದ ಇನ್ನೆರಡು ಗಿಟಾರ್ ಮಾಡಿಸಿಕೊಂಡ. ಬಂದಾಗಲೆಲ್ಲ ಬೈದ. ಶ್ವೇತಾ, ಬೈಯುವ ಗಿರಾಕಿಗೆ ಹೆದರಬೇಡ. ನಿನ್ನ ಅರ್ಧ ಕೆಲಸವನ್ನು ಅವನೇ ಪುಕ್ಕಟೆಯಾಗಿ ಮಾಡಿಕೊಡುತ್ತಾನೆ.

ಇನ್ನೊಂದು ಜಾತಿಯ ಗಿರಾಕಿ ಇರುತ್ತಾರೆ. ಒಬ್ಬ ಹಿರಿಯರು ತೀರಿಹೋದ ತಾಯಿಯ ತೇಗದ ಮಂಚವನ್ನು ಟೆಂಪೋದಲ್ಲಿ ತಂದು, ಇದರಿಂದಲೇ ಗಿಟಾರಿನ ಮೈ ಮಾಡಿ ಎಂದರು. ಒಳಗೆ ಮುರಿದು ಉಳಿದಿದ್ದ ಮೊಳೆಗೆ ತಾಗಿ ನಮ್ಮ ಮಷೀನಿನ ಬ್ಲೇಡು ಹಾಳಾಯಿತು. ಮುಗಿದ ಗಿಟಾರು ಹೆಗಲಿಗೆ ಹಾಕಿಕೊಂಡು ನಿಲ್ಲಲಾಗದಷ್ಟು ಭಾರವಾಗಿತ್ತು. ನಾನು ತಪಾಸಣೆಯ ರಿಜಿಸ್ಟರಿನಲ್ಲಿ ‘ಬೇಡ’ ಎಂದು ಬರೆದಿಟ್ಟೆ. ಹಿರಿಯರು ಅದನ್ನು ಮಡಿಲಲ್ಲಿಟ್ಟುಕೊಂಡು ಒಂದು ತಂತಿ ಮೀಟಿದರು, ಕಣ್ಣು ಒರೆಸಿಕೊಂಡರು, ತೆಗೆದುಕೊಂಡು ಹೋದರು. ಹೇಳಿ ಮಾಡಿಸಿದ ವಸ್ತುವಿನಲ್ಲಿ ಇದೊಂದು ಅಪಾಯವಿದೆ. ಅದು ತನ್ನದೇ ಕೂಸು ಎಂಬ ಭಾವನೆ ಗಿರಾಕಿಗೆ ಬಂದುಬಿಡುತ್ತದೆ. ಕೂಸಿನ ಕುಂದು ಅವನಿಗೆ ಕಾಣುವುದಿಲ್ಲ, ಕಂಡರೂ ಹೇಳುವುದಿಲ್ಲ. ಹಾಗಾಗಿ ತಪ್ಪನ್ನು ನಾವೇ ಕಾಣಬೇಕು. ನಾನು ಕಾಣಲಿಲ್ಲ. ಆ ವಿಷಯಕ್ಕೆ ಬರುತ್ತೇನೆ.

ಆರ್ಡರುಗಳು ಹೆಚ್ಚಾದವು. ನನ್ನ ಅರ್ಧ ದಿನದ ಕೇಳುವಿಕೆ ಆಗ್ನೆಲ್ ಸರ್‌ಗೆ ದುಬಾರಿ ಅನ್ನಿಸತೊಡಗಿತು. ಅವರು ಒಂದು ಎಲೆಕ್ಟ್ರಾನಿಕ್ ಮೀಟರ್ ತಂದರು. ತಂತಿಯನ್ನು ಒತ್ತದೆ ಒಮ್ಮೆ ಮೀಟುವುದು, ಹನ್ನೆರಡನೆಯ ಫ್ರೆಟ್ಟಿನಲ್ಲಿ ಒತ್ತಿ ಇನ್ನೊಮ್ಮೆ ಮೀಟುವುದು. ಹನ್ನೆರಡನೆಯದು ತಂತಿಯ ಸರಿಯಾದ ನಡುಮಧ್ಯ. ಎರಡೂ ಕಡೆ ಹಸಿರು ದೀಪ ಹೊತ್ತಿದರೆ ಗಿಟಾರ್ ಸರಿ. ಹತ್ತು ನಿಮಿಷದ ಕೆಲಸ. ‘ಉಳಿದ ಫ್ರೆಟ್‌ಗಳು, ಸರ್?’ ಎಂದು ಕೇಳಿದೆ. ‘ಕೊರೆಯುವ ಪಟ್ಟಿ ಸರಿ ಇದೆಯಲ್ಲ ವಾಮನ್, ಫ್ರೆಟ್ ತಪ್ಪಾಗುವುದು ಹೇಗೆ?’ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಫ್ರೆಟ್ ಕೂರಿಸುವ ಗೀರುಗಳನ್ನು ಕೊರೆಯುವುದಕ್ಕೆ ಉದ್ದನೆಯ ಅಕ್ರಿಲಿಕ್ ಪಟ್ಟಿಯೊಂದಿತ್ತು. ಅದರ ಹಲ್ಲುಗಳ ಪ್ರಕಾರ ಗರಗಸ ಎಳೆದರೆ ಇಪ್ಪತ್ತೆರಡೂ ತಮ್ಮ ಜಾಗದಲ್ಲೇ ಕೂರುತ್ತಿದ್ದವು. ಹತ್ತು ನಿಮಿಷದ ಕೆಲಸ ನನಗೂ ಹಿಡಿಸಿತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಒಂದು ದಿನ ಆ ಪಟ್ಟಿ ಬೆಂಚಿನಿಂದ ಜಾರಿ ಬಿದ್ದು, ಹನ್ನೆರಡನೆಯ ಹಲ್ಲಿನ ಪಕ್ಕದಲ್ಲೇ ಎರಡು ತುಂಡಾಯಿತು. ಹೊಸದು ಬರಲು ಒಂದು ತಿಂಗಳು. ಅಲ್ಲಿಯವರೆಗೆ ಬಡಗಿಗಳು ಮೊದಲ ತುಂಡಿನಿಂದ ಹನ್ನೆರಡು ಕೊರೆದು, ಎರಡನೆಯದನ್ನು ಅದರ ತುದಿಗೆ ಒತ್ತಿ ಹಿಡಿದು ಉಳಿದ ಹತ್ತನ್ನು ಕೊರೆದರು. ಹಾಗೆ ಐದು ನೆಕ್ಕುಗಳಾದವು. ನಾನು ಎದುರಿನಲ್ಲೇ ಕೂತು ನೋಡುತ್ತಿದ್ದೆ. ಮುರಿದ ಜಾಗದಲ್ಲಿ ಒಂದೂವರೆ ಮಿಲಿಮೀಟರಿನಷ್ಟು ಚೂರು ಉದುರಿಹೋಗಿದೆ ಎಂಬುದು ಯಾರಿಗೂ ಹೊಳೆಯಲಿಲ್ಲ. ಹಾಗಾಗಿ ಹದಿಮೂರರಿಂದ ಮೇಲಿನ ಎಲ್ಲ ಫ್ರೆಟ್‌ಗಳೂ ಒಟ್ಟಿಗೆ ಅಷ್ಟು ಹಿಂದಕ್ಕೆ ಕೂತವು, ಅಲ್ಲಿನ ಎಲ್ಲ ಸ್ವರಗಳೂ ತುಸು ಇಳಿದವು. ಹನ್ನೆರಡನೆಯದು ಮಾತ್ರ ಎಲ್ಲಿರಬೇಕೋ ಅಲ್ಲೇ ಇತ್ತು. ಮೀಟರಿನಲ್ಲಿ ಹಸಿರು ದೀಪ ಬಂತು. ಐದನ್ನೂ ನಾನು ಕಳಿಸಿದೆ.

ಅದರಲ್ಲೊಂದು ಮಲ್ಲೇಶಪ್ಪನವರದು.

ಮಲ್ಲೇಶಪ್ಪನವರ ತಂದೆ ಬಾಗಲಕೋಟೆ ಕಡೆಯಿಂದ ಗೌಂಡಿ ಕೆಲಸಕ್ಕೆ ಬಂದವರು. ಮಗ ಅದು ಹೇಗೋ ಗಿಟಾರ್ ಹಿಡಿದು ಆರ್ಕೆಸ್ಟ್ರಾ ಸೇರಿದರು. ಮದುವೆ, ಗಣಪತಿ, ನವರಾತ್ರಿ ಎಂದು ವರ್ಷವಿಡೀ ಕಾರ್ಯಕ್ರಮ, ನಡುನಡುವೆ ಸ್ಟುಡಿಯೋ ಕೆಲಸ. ಅವರ ಮೊದಲ ಗಿಟಾರನ್ನು ನಮ್ಮಲ್ಲೇ ಮಾಡಿಸಿದ್ದರು. ನೂರ ಮೂವತ್ತೆರಡು ಸ್ವರಗಳನ್ನೂ ನಾನು ಕೇಳಿ ಕೊಟ್ಟ ಗಿಟಾರ್ ಅದು. ಹದಿನೈದು ವರ್ಷ ನುಡಿಸಿದರು. ಒಂದು ಮಳೆಗಾಲ ವಿಲೆ ಪಾರ್ಲೆಯ ಅವರ ಚಾಳಿನ ಮನೆಗೆ ನೀರು ನುಗ್ಗಿ ಅದು ಹಾಳಾದಾಗ ಸಾವಾದ ಮನೆಯವರ ಮುಖ ಮಾಡಿಕೊಂಡು ಬಂದರು. ‘ವಾಮನಣ್ಣ, ಅಂಥಾದ್ದ ಇನ್ನೊಂದು ಮಾಡಿಕೊಡ್ರಿ. ಬ್ಯಾರೇ ಕಡೆ ಹೋಗು ಮನುಷ್ಯಾ ನಾ ಅಲ್ಲ’ ಎಂದರು. ನನ್ನ ಕರಾವಳಿ ಕನ್ನಡವನ್ನು ಅವರು ಗೇಲಿ ಮಾಡುತ್ತಿದ್ದರು, ಅವರ ‘ಐತಿ, ಹೋಗೈತಿ’ಯನ್ನು ನಾನು. ಪರೇಲಿನಲ್ಲಿ ಕನ್ನಡ ಮಾತಾಡಲು ನನಗಿದ್ದುದು ಅವರೊಬ್ಬರೇ.

ಹೊಸ ಗಿಟಾರ್ ಒಯ್ದ ಎರಡು ತಿಂಗಳಿಗೆ ಮತ್ತೆ ಬಂದರು. ಬಾಗಿಲಲ್ಲೇ ನಿಂತು, ಏನೋ ಅಪರಾಧ ಮಾಡಿದವರ ಹಾಗೆ ಹೇಳಿದರು.

‘ಮ್ಯಾಲಿನ ಸ್ವರ ಸ್ವಲ್ಪ ಇಳದಂಗ ಕೇಳಸ್ತಾವ್ರಿ. ನನ್ನ ಕಿವ್ಯಾಗ ಏನರ ದೋಷ ಬಂದಿರಬೇಕು.’

ಗಿಟಾರನ್ನು ದೂರಲಿಲ್ಲ, ತಮ್ಮ ಕಿವಿಯನ್ನು ದೂರಿದರು. ನಾನು ಮೀಟರಿಗೆ ಸಿಕ್ಕಿಸಿದೆ. ಹಸಿರು ದೀಪ.

‘ಗಿಟಾರ್ ಸರಿ ಉಂಟು ಮಾರಾಯ್ರೆ. ವಯಸ್ಸಾಯ್ತಲ್ಲ ನಿಮಗೂ ನನಗೂ’ ಎಂದು ನಕ್ಕೆ. ಅವರೂ ನಕ್ಕರು.

ಈ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ. ಮೂವತ್ತೊಂದು ವರ್ಷದ ಕೆಲಸದಲ್ಲಿ ಬೇರೆ ಯಾವ ತಪ್ಪಿಗೂ ನನಗೆ ಇಷ್ಟು ನಾಚಿಕೆಯಿಲ್ಲ. ಬಿರುಕು ಬಿಟ್ಟ ಲೋಟವನ್ನು ಸದ್ದಿನಲ್ಲಿ ಗುರುತಿಸುತ್ತಿದ್ದವನು ಅಂದು ಒಂದೇ ಒಂದು ಮೇಲಿನ ಸ್ವರವನ್ನು ಮೀಟಿ ನೋಡಲಿಲ್ಲ.

ಮರುವರ್ಷ ಗಿಟಾರನ್ನು ಸಾಫ್ ಮಾಡಿಸಲು ಬಂದಾಗ ಅವರು ಖುಷಿಯಲ್ಲಿದ್ದರು. ‘ಉಪಾಯ ಸಿಕ್ಕೈತಿ ನೋಡ್ರಿ. ಮ್ಯಾಲೆ ಹೋದಾಗ ತಂತಿ ಒಂದೀಟ ಎಳದು ಹಿಡಿದ್ರ ಕಿವಿಗೆ ಬರೋಬ್ಬರಿ ಕೇಳಸ್ತೈತಿ’ ಎಂದರು. ತಂತಿಯನ್ನು ಅಡ್ಡಕ್ಕೆ ಎಳೆದರೆ ಸ್ವರ ಏರುತ್ತದೆ. ಇಳಿದ ಸ್ವರವನ್ನು ಅವರು ಬೆರಳ ಬಲದಿಂದ ಮೇಲೆತ್ತುತ್ತಿದ್ದರು, ಪ್ರತಿ ಸ್ವರಕ್ಕೂ, ಬೇಕಾದಷ್ಟೇ. ನನಗೆ ಅದು ಅವರ ಶೈಲಿ ಅನ್ನಿಸಿತು.

ಎಳೆಯುವುದು ಅವರಿಗೆ ಅಭ್ಯಾಸವಾಯಿತು. ಒಂದೊಂದೇ ತಂತಿ ನುಡಿಸುವಾಗ ಸರಿ. ಮೇಲಿನ ಫ್ರೆಟ್‌ಗಳಲ್ಲಿ ಮೂರು ನಾಲ್ಕು ತಂತಿ ಒಟ್ಟಿಗೆ ಒತ್ತಿದರೆ ಎಲ್ಲವನ್ನೂ ಎಳೆಯಲಾಗುವುದಿಲ್ಲ, ಪಕ್ಕದ ಕೀಬೋರ್ಡಿಗೆ ಅದು ಕೂಡುತ್ತಿರಲಿಲ್ಲ. ಸ್ಟುಡಿಯೋದಲ್ಲಿ ಅಲ್ಲಿನ ಗಿಟಾರ್ ಕೊಡುತ್ತಿದ್ದರು. ಅದರ ಫ್ರೆಟ್ ಸರಿಯಿತ್ತು, ಇವರ ಬೆರಳು ಎಳೆಯುತ್ತಿತ್ತು, ಸ್ವರ ಏರಿಹೋಗುತ್ತಿತ್ತು. ಮಲ್ಲೇಶ್ ಬೇಸುರಾ ಆದ, ಅವನ ಸ್ವರ ತಪ್ಪುತ್ತದೆ ಎಂಬ ಮಾತು ಹಬ್ಬಿತು. ಸ್ಟುಡಿಯೋದವರು ಕರೆಯುವುದನ್ನು ಬಿಟ್ಟರು. ಮಲ್ಲೇಶಪ್ಪ ಪರೇಲಿನ ಆಸ್ಪತ್ರೆಯೊಂದರಲ್ಲಿ ಕಿವಿ ತೋರಿಸಿದರು. ಡಾಕ್ಟರು ಏನೂ ಇಲ್ಲ ಎಂದರು. ಅಲ್ಲಿಂದ ನೇರ ಶೆಡ್ಡಿಗೆ ಬಂದು ನನ್ನೆದುರು ಕೂತರು. ‘ಡಾಕ್ಟರಿಗೂ ತಿಳೀಲಿಲ್ಲ ನೋಡ್ರಿ’ ಎಂದರು. ಐದನೇ ವರ್ಷಕ್ಕೆ ಆರ್ಕೆಸ್ಟ್ರಾದವರೂ ಬಿಟ್ಟರು. ಏರ್‌ಪೋರ್ಟ್ ಹತ್ತಿರದ ಪಾರ್ಸೆಲ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿದರು. ಆದರೂ ವರ್ಷಕ್ಕೊಮ್ಮೆ ಗಿಟಾರ್ ತರುವುದು ತಪ್ಪಿಸಲಿಲ್ಲ. ಅಷ್ಟು ನಿಷ್ಠೆಯ ಗಿರಾಕಿ ನಮಗೆ ಇನ್ನೊಬ್ಬರಿರಲಿಲ್ಲ.

ನನ್ನ ನಿವೃತ್ತಿಗೆ ಹನ್ನೊಂದು ತಿಂಗಳಿರುವಾಗ ಆ ಐದರಲ್ಲಿ ಇನ್ನೊಂದು ಗಿಟಾರ್ ಫ್ರೆಟ್ ಬದಲಿಸಲು ಬಂತು. ಹೊಸ ಪಟ್ಟಿಯನ್ನು ಅದರ ಮೇಲಿಟ್ಟೆ. ಹನ್ನೆರಡರವರೆಗೆ ಹಲ್ಲಿಗೆ ಗೀರು ಕೂಡಿತು, ಹದಿಮೂರರಿಂದ ಒಂದೂ ಕೂಡಲಿಲ್ಲ. ರಿಜಿಸ್ಟರ್ ತೆಗೆದು ಐದು ಹೆಸರುಗಳನ್ನೂ ಓದಿದೆ. ಮಲ್ಲೇಶಪ್ಪನವರ ಹೆಸರಿನ ಎದುರು ನನ್ನ ಅಕ್ಷರದಲ್ಲಿ ‘ಸರಿ’ ಎಂದಿತ್ತು.

ರಿಜಿಸ್ಟರನ್ನೂ ನೆಕ್ಕನ್ನೂ ಆಗ್ನೆಲ್ ಸರ್‌ಗೆ ತೋರಿಸಿದೆ. ನೋಡಿ ಅವರು ಹೇಳಿದರು, ‘ಕಿಸೀನೆ ಕಂಪ್ಲೇಂಟ್ ಕಿಯಾ? ನಹೀ ನಾ? ಜೋ ಖುಷ್ ಹೈ ಉಸ್ಕೋ ಕ್ಯೂಂ ಬತಾನಾ, ವಾಮನ್.’ ಯಾರೂ ದೂರಿಲ್ಲವಲ್ಲ, ಖುಷಿಯಾಗಿರುವವನಿಗೆ ಯಾಕೆ ಹೇಳಬೇಕು ಎಂದು. ಬಂದ ಗಿಟಾರಿಗೆ ಹೊಸ ನೆಕ್ ಹಾಕಿಸಿ ಕೊಟ್ಟರು, ಕಾರಣ ಹೇಳಲಿಲ್ಲ. ಅವರು ಕೆಟ್ಟವರಲ್ಲ. ವರ್ಕ್‌ಶಾಪಿನ ಹೆಸರು ಹೋದರೆ ಹದಿನಾಲ್ಕು ಜನರ ಕೆಲಸ ಹೋಗುತ್ತದೆ ಎಂದು ಅವರು ಹೆದರಿದ್ದರು. ಮಲ್ಲೇಶಪ್ಪ ಖುಷಿಯಾಗಿಲ್ಲ ಎಂಬುದು ನನಗೆ ಗೊತ್ತಿತ್ತು. ಬಾಯಿಗೆ ಬಂದಿತ್ತು. ಹೇಳಲಿಲ್ಲ. ಹನ್ನೊಂದು ತಿಂಗಳು ನಾನೂ ಸುಮ್ಮನಿದ್ದೆ. ಆ ನಡುವೆ ಅವರು ಒಮ್ಮೆ ಬಂದು ಗಿಟಾರ್ ಸಾಫ್ ಮಾಡಿಸಿಕೊಂಡು ಹೋದರು, ನಾನೇ ಸಾಫ್ ಮಾಡಿದೆ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಆ ಐದರಲ್ಲಿ ಉಳಿದ ಮೂವರನ್ನು ಹುಡುಕಿದೆ. ಇಬ್ಬರು ಗಿಟಾರನ್ನು ಶೋಕಿಗೆ ಗೋಡೆಯಲ್ಲಿ ನೇತುಹಾಕಿದ್ದರು, ಒಬ್ಬರು ಮಾರಿಬಿಟ್ಟಿದ್ದರು. ಆಗ್ನೆಲ್ ಸರ್ ಬಳಿ ಹೋಗಿ, ಮಲ್ಲೇಶಪ್ಪನವರಿಗೆ ನಾನೇ ಒಂದು ನೆಕ್ ಮಾಡಿಸುತ್ತೇನೆ ಎಂದೆ. ಬೇಡ ಎನ್ನಲಿಲ್ಲ, ಒಳ್ಳೆಯ ಮೇಪಲ್ ಮರ ತೆಗೆದುಕೊಟ್ಟು ಬೇರೆ ಕಡೆ ನೋಡಿದರು. ಎರಡು ತಿಂಗಳು ನಾನು ಬಡಗಿಯ ಪಕ್ಕದಲ್ಲೇ ನಿಂತೆ. ನೆಕ್ ಸಿದ್ಧವಾದ ಮೇಲೆ ಬೇರೊಂದು ಮೈಗೆ ಸಿಕ್ಕಿಸಿ ನೂರ ಮೂವತ್ತೆರಡು ಸ್ವರಗಳನ್ನೂ ಕೇಳಿದೆ.

ಒಂದು ಭಾನುವಾರ ಬೆಳಿಗ್ಗೆ ವಿಲೆ ಪಾರ್ಲೆಗೆ ಹೋದೆ. ಅವರ ಹೆಂಡತಿ ಸುವರ್ಣಾ ಬಾಗಿಲು ತೆರೆದರು. ಮಲ್ಲೇಶಪ್ಪ ಗಿಟಾರ್ ಹಿಡಿದು ಕೂತೇ ಇದ್ದರು. ಹಳೆಯ ಆರ್ಕೆಸ್ಟ್ರಾದ ಮಾಲೀಕ ಹತ್ತು ದಿನ ಬಿಟ್ಟು ಬಂದು ನುಡಿಸಿ ತೋರಿಸಲು ಹೇಳಿದ್ದಾನಂತೆ. ಸರಿಹೋದರೆ ಈ ನವರಾತ್ರಿಗೆ ಒಂಬತ್ತು ದಿನವೂ ಅವರೇ. ‘ಒಂಟಿ ತಂತಿದ್ದ ನುಡಸಾಕ ಹೇಳ್ಯಾನ್ರಿ. ಅದು ನನಗ ಬರತೈತಿ’ ಎಂದರು. ಎಷ್ಟೋ ವರ್ಷದ ಮೇಲೆ ಅವರ ಮುಖದಲ್ಲಿ ಆ ಹುರುಪು ಕಂಡೆ. ಹೇಳದೆ ಹಿಂದಕ್ಕೆ ಹೋಗಿಬಿಡಲೇ ಎಂದು ಒಂದು ಕ್ಷಣ ಅನ್ನಿಸಿತು.

ಹೇಳಿದೆ. ಮುರಿದ ಪಟ್ಟಿ, ಉದುರಿದ ಚೂರು, ಮೀಟರು, ನಾನು ಸುಮ್ಮನಿದ್ದ ಹನ್ನೊಂದು ತಿಂಗಳು, ಎಲ್ಲವನ್ನೂ. ಮಲ್ಲೇಶಪ್ಪ ಗಿಟಾರನ್ನು ಮಡಿಲಿನಿಂದ ತೆಗೆದು ಕೆಳಗಿಟ್ಟರು.

‘ಹಂಗಾದ್ರ ನನ್ನ ಕಿವಿ ಬರೋಬ್ಬರಿ ಇತ್ತೇನ್ರಿ?’

‘ಸರಿಯೇ ಇತ್ತು.’

‘ನೀವ ವಯಸ್ಸು ಅಂದಿದ್ರಲ್ಲ.’

‘ಅಂದಿದ್ದೆ. ತಪ್ಪು ನಂದು ಮಲ್ಲೇಶಪ್ಪ.’

ಸುವರ್ಣಾ ಒಳಗಿನಿಂದ ಬಂದು ನಿಂತಿದ್ದರು. ‘ಎಂಟು ವರ್ಷ ಈ ಮನುಷ್ಯಾ ತನ್ನ ಕಿವೀನ ಬಯ್ಕೋತ ಕುಂತಾನ್ರಿ’ ಎಂದರು. ಸಿಟ್ಟಿರಲಿಲ್ಲ, ಸುಮ್ಮನೆ ನನಗೆ ತಿಳಿಸಿದರು. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮಲ್ಲೇಶಪ್ಪನವರೇ ಹೆಂಡತಿಯನ್ನು ತಡೆದರು. ‘ಇರಲಿ ಬಿಡ, ತಾವಾಗೇ ಬಂದು ಹೇಳ್ಯಾರಲ್ಲ. ಹೊಸಾದ ಹಾಕ್ರಿ ವಾಮನಣ್ಣ, ನೋಡೂಣು.’

ನಾಲ್ಕು ಸ್ಕ್ರೂ ಬಿಚ್ಚಿ ಹಳೆಯ ನೆಕ್ ತೆಗೆದು ಹೊಸದನ್ನು ಕೂರಿಸಿದೆ. ತಂತಿ ಕಟ್ಟಿ, ಶ್ರುತಿ ಮಾಡಿ ಕೊಟ್ಟೆ. ಅವರು ಆಯ್ಕೆಗೆ ಸಿದ್ಧಮಾಡಿಕೊಂಡಿದ್ದ ಹಾಡನ್ನು ಎತ್ತಿಕೊಂಡರು. ಕೆಳಗೆ ಇದ್ದಷ್ಟು ಹೊತ್ತು ಚೆನ್ನಾಗಿತ್ತು. ಹನ್ನೆರಡನೆಯ ಫ್ರೆಟ್ ದಾಟಿದ ಕೂಡಲೇ ಬೆರಳು ತಾನಾಗಿ ಎಳೆಯಿತು, ಸ್ವರ ಏರಿತು. ನಿಲ್ಲಿಸಿದರು. ಕಣ್ಣುಮುಚ್ಚಿ ಮತ್ತೆ ಶುರುಮಾಡಿದರು. ಮತ್ತೆ ಎಳೆಯಿತು. ಬೆರಳಿನ ಮೇಲೆ ಕಣ್ಣಿಟ್ಟು ನಿಧಾನವಾಗಿ ನುಡಿಸಿದರೆ ಸ್ವರ ಸರಿ ಬರುತ್ತಿತ್ತು, ಹಾಡು ಸತ್ತುಹೋಗುತ್ತಿತ್ತು. ಮಧ್ಯಾಹ್ನದವರೆಗೆ ಪ್ರಯತ್ನಿಸಿದರು. ತಪ್ಪಿದಾಗಲೆಲ್ಲ ಅವರ ಹುಬ್ಬು ಗಂಟಿಕ್ಕುತ್ತಿತ್ತು. ಎಷ್ಟು ಚೊಕ್ಕ ಕಿವಿ ಅದು ಎಂದು ಪ್ರತಿ ಸಲವೂ ನನಗೆ ತಿಳಿಯುತ್ತಿತ್ತು.

ಕೊನೆಗೆ ಗಿಟಾರನ್ನು ನನ್ನ ಕೈಗೆ ಕೊಟ್ಟರು.

‘ಹಳೇದ ಹಾಕಿಬಿಡ್ರಿ. ಹತ್ತ ದಿನದಾಗ ಕೈಗೆ ಹೊಸಾ ಪಾಠ ಕಲಸಾಕ ಆಗಂಗಿಲ್ಲ. ಈ ವಯಸ್ಸಿಗೆ ಹತ್ತ ವರ್ಷ ಕೊಟ್ರೂ ಆಗಂಗಿಲ್ಲ.’

‘ಅದು ತಪ್ಪು ಉಂಟಲ್ಲ ಮಲ್ಲೇಶಪ್ಪ.’

‘ನನ್ನ ಕೈಗೆ ಅದ ಬರೋಬ್ಬರಿ ಆಗೈತ್ರಿ ಈಗ.’

ಅಂದು ತಿಳಿಯದೆ ಕಳಿಸಿದ ತಪ್ಪನ್ನು ಈಗ ತಿಳಿದೂ ತಿಳಿದೂ ನನ್ನ ಕೈಯಾರೆ ಸ್ಕ್ರೂ ಬಿಗಿದು ಕೂರಿಸಿದೆ. ಅವರು ತೆಗೆದುಕೊಂಡು ಅದೇ ಹಾಡನ್ನು ನುಡಿಸಿದರು. ಒಂದೊಂದು ಮೇಲಿನ ಸ್ವರವನ್ನೂ ಬೆರಳು ಬೇಕಾದಷ್ಟೇ ಎಳೆದು ಅದರ ಜಾಗಕ್ಕೆ ತಂದಿತು. ಒಂದೂ ತಪ್ಪಲಿಲ್ಲ. ಸುವರ್ಣಾ ಚಹಾ ತಂದಿಟ್ಟರು. ಹಾಡು ಮುಗಿಸಿ ಮಲ್ಲೇಶಪ್ಪ ನನ್ನ ಮುಖ ನೋಡಿದರು.

‘ಈಗ ಹೇಳ್ರಿ, ಸರಿ ಐತೇನು?’

‘ಸರಿ ಉಂಟು’ ಎಂದೆ.

ಹೊಸ ನೆಕ್ಕನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸ್ಟೇಷನ್ನಿಗೆ ನಡೆದು ಲೋಕಲ್ ಹತ್ತಿದೆ. ಕೂರಲು ಜಾಗ ಸಿಕ್ಕಿತು, ಅದನ್ನು ತೊಡೆಯ ಮೇಲಿಟ್ಟುಕೊಂಡೆ. ಅದರಲ್ಲಿ ಒಂದೇ ಒಂದು ದೋಷವಿರಲಿಲ್ಲ.